ಎನ್‌ಕ್ಲೆಕ್ಸ್-ಪಿಎನ್‌ಗೆ ವಿವೇಚನೆಯ ಅಭ್ಯಾಸ: ಯಾವ ದಾರಿ ಯಾರಿಗೆ?

ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸಿಂಗ್ ಕೋರ್ಸ್ ಮುಗಿಸಿ, ಎಲ್‌ಪಿಎನ್ (ಲೈಸೆನ್ಸ್ ಪಡೆದ ಪ್ರಾಕ್ಟಿಕಲ್ ನರ್ಸ್) ಆಗಲು ಬರೆಯಬೇಕಾದ ಎನ್‌ಕ್ಲೆಕ್ಸ್-ಪಿಎನ್ ಎಂಬ ಲೈಸೆನ್ಸ್ ಪರೀಕ್ಷೆಗೆ ಸಿದ್ಧರಾಗುತ್ತಿರುವ ಕನ್ನಡದ ಹೆಣ್ಣುಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಕ್ಕಾ, ಪಾಠವನ್ನೆಲ್ಲ ಓದಿದ್ದೇನೆ, ಆದರೆ ಕೇಸ್ ಸ್ಟಡಿ ಎದುರಿಗೆ ಬಂದ ಕೂಡಲೇ ಕೈ ಓಡುವುದಿಲ್ಲ. ದುಡ್ಡು ಕೊಟ್ಟು ಪ್ರಶ್ನೆ ಬ್ಯಾಂಕ್ ತೆಗೆದುಕೊಳ್ಳಲೋ, ಕ್ಲಾಸಿಗೆ ಸೇರಲೋ, ಪುಸ್ತಕವೇ ಸಾಕೋ?" ಇವರಲ್ಲಿ ಅನೇಕರು ಮದುವೆಯಾಗಿ ಇಲ್ಲಿಗೆ ಬಂದು, ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿಯುತ್ತಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ವರ್ಷದ ಕೋರ್ಸ್ ಮಾಡಿದವರು, ನಾನು ಬಂದ ದಾರಿಯೂ ಅದೇ. ಊರಿನಲ್ಲಿಯೇ ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮಾಡಿ ಬಂದವರು ಸಾಮಾನ್ಯವಾಗಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಪರೀಕ್ಷೆಯ ಕಡೆಗೆ ಹೋಗುತ್ತಾರಾದರೂ, ಎರಡೂ ಪರೀಕ್ಷೆಗಳು ವಿವೇಚನೆಯನ್ನು ಅಳೆಯುವ ಚೌಕಟ್ಟು ಒಂದೇ ಆಗಿರುವುದರಿಂದ ಇಲ್ಲಿನ ಬಹುಪಾಲು ಮಾತು ಅವರಿಗೂ ಸಲ್ಲುತ್ತದೆ.

ಮೊದಲು ಪರೀಕ್ಷೆ ಏನನ್ನು ಕೇಳುತ್ತದೆ ಎಂಬುದನ್ನು ನೋಡಬೇಕು. ರಾಜ್ಯಗಳ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಸ್‌ಬಿಎನ್ 2023ರ ಏಪ್ರಿಲ್ 1ರಿಂದ ಪರೀಕ್ಷೆಯ ಸ್ವರೂಪವನ್ನು ಬದಲಿಸಿತು. ಅಂದಿನಿಂದ ಅಭ್ಯರ್ಥಿಗೆ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು ಬರುತ್ತವೆ. ಒಟ್ಟು ಸಮಯ 5 ಗಂಟೆ. ನೀವು ಕೊಡುವ ಉತ್ತರವನ್ನು ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆಯ ಮಟ್ಟವನ್ನು ಆರಿಸುತ್ತದೆ, ಹಾಗಾಗಿ ಒಮ್ಮೆ ಉತ್ತರಿಸಿದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಅಂಕಕ್ಕೆ ಸೇರುವ ಪ್ರಶ್ನೆಗಳ ನಡುವೆ ತಲಾ 6 ಪ್ರಶ್ನೆಗಳ 3 ಕೇಸ್ ಸ್ಟಡಿಗಳಿರುತ್ತವೆ. ಒಂದೇ ರೋಗಿಯ ಚಾರ್ಟ್ ಹಂತಹಂತವಾಗಿ ಬೆಳೆಯುತ್ತ ಹೋಗುತ್ತದೆ, ಆರು ಪ್ರಶ್ನೆಗಳು ವಿವೇಚನೆಯ ಆರು ಹೆಜ್ಜೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತವೆ: ಸುಳಿವನ್ನು ಗುರುತಿಸುವುದು, ಸುಳಿವುಗಳನ್ನು ಒಂದಕ್ಕೊಂದು ಹೊಂದಿಸಿ ಅರ್ಥ ಮಾಡಿಕೊಳ್ಳುವುದು, ಇರಬಹುದಾದ ತೊಂದರೆಗಳಲ್ಲಿ ಯಾವುದು ಮೊದಲು ಎಂದು ತೂಗುವುದು, ಏನೇನು ಮಾಡಬಹುದೆಂದು ಯೋಚಿಸುವುದು, ಮಾಡುವುದು, ಮಾಡಿದ್ದರಿಂದ ರೋಗಿಗೆ ಗುಣ ಕಂಡಿತೇ ಎಂದು ನೋಡುವುದು.

ಅಂಕ ಕೊಡುವ ರೀತಿಯೂ ಬದಲಾಗಿದೆ. ಮೊದಲು ಒಂದು ಆಯ್ಕೆ ತಪ್ಪಿದರೂ ಪೂರ್ತಿ ಪ್ರಶ್ನೆಯೇ ಹೋಗುತ್ತಿತ್ತು. ಈಗ ಭಾಗಶಃ ಅಂಕ ಸಿಗುತ್ತದೆ. ಆದರೆ ಅನ್ವಯಿಸುವುದನ್ನೆಲ್ಲ ಆರಿಸಿ ಎನ್ನುವ ಬಗೆಯ ಪ್ರಶ್ನೆಯಲ್ಲಿ ಸರಿಯಾದ ಪ್ರತಿಯೊಂದು ಗುರುತಿಗೆ ಒಂದು ಅಂಕ ಸೇರಿ, ತಪ್ಪಾದ ಪ್ರತಿಯೊಂದಕ್ಕೆ ಒಂದು ಕಳೆಯುತ್ತದೆ (ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ). ಅಂದರೆ ಅನುಮಾನ ಬಂದದ್ದಕ್ಕೆಲ್ಲ ಗುರುತು ಹಾಕುವ ಅಭ್ಯಾಸ ಇಲ್ಲಿ ನಷ್ಟವನ್ನೇ ತರುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವುದೇ ಅಭ್ಯಾಸವನ್ನು ನಾನು ಐದು ಪ್ರಶ್ನೆಗಳಿಂದ ಅಳೆಯುತ್ತೇನೆ. ಅದರಲ್ಲಿ ರೋಗಿಯ ಸ್ಥಿತಿ ಹೊತ್ತಿನೊಂದಿಗೆ ಬದಲಾಗುತ್ತದೆಯೇ, ಅಥವಾ ಬಿಡಿ ಪ್ರಶ್ನೆಗಳು ಮಾತ್ರ ಇವೆಯೇ? ಸರಿ ಉತ್ತರ ಏಕೆ ಸರಿ ಎಂಬುದರ ಜೊತೆಗೆ, ಉಳಿದ ಪ್ರತಿಯೊಂದು ಏಕೆ ಅಲ್ಲ ಎಂದೂ ವಿವರಿಸುತ್ತದೆಯೇ? ಅದು ಎಲ್‌ಪಿಎನ್‌ನ ಕೆಲಸದ ಎಲ್ಲೆಯೊಳಗೆ ಬರೆದದ್ದೇ, ಇಲ್ಲವೇ ಆರ್‌ಎನ್ ಸಾಮಗ್ರಿಯನ್ನೇ ಹೆಸರು ಬದಲಿಸಿ ಕೊಟ್ಟದ್ದೇ? ಆಯ್ಕೆಗಳನ್ನು ತೋರಿಸುವ ಮೊದಲು ನನ್ನಿಂದ ಒಂದು ಮಾತು ಹೊರಡಿಸುತ್ತದೆಯೇ? ಕೊನೆಯದಾಗಿ, ನನ್ನ ಬಳಿ ಇರುವ ದುಡ್ಡಿಗೂ ಬಿಡುವಿಗೂ ಅದು ಹೊಂದುತ್ತದೆಯೇ?

ಇವುಗಳಲ್ಲಿ ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಅದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನಾನು ಓದುವಾಗ ದಿನಕ್ಕೆ ನೂರು ಪ್ರಶ್ನೆ ಮಾಡುತ್ತಿದ್ದೆ. ಎರಡನೆಯ ಸುತ್ತಿನಲ್ಲಿ ಅಂಕ ಏರುತ್ತಲೇ ಹೋಯಿತು. ಒಂದು ಸಂಜೆ ನಮ್ಮ ಶಿಕ್ಷಕಿಯೊಬ್ಬರು ಪರದೆಯ ಮೇಲಿನ ಆಯ್ಕೆಗಳಿಗೆ ಕಾಗದ ಅಡ್ಡ ಹಿಡಿದು, "ಈ ರೋಗಿಯಲ್ಲಿ ನಿನಗೆ ಆತಂಕ ಹುಟ್ಟಿಸುವುದು ಏನು, ಹೇಳು" ಎಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಾನು ಅಷ್ಟು ದಿನ ಕಲಿತದ್ದು ನಾಲ್ಕರಲ್ಲಿ ಒಂದನ್ನು ಗುರುತಿಸುವುದನ್ನೇ ಹೊರತು ರೋಗಿಯನ್ನು ನೋಡುವುದನ್ನಲ್ಲ ಎಂದು ಅಂದು ತಿಳಿಯಿತು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗುಂಪಿನ ಅಭ್ಯಾಸಕ್ಕಾಗಿ ನಾನು ಬರೆದುಕೊಂಡದ್ದು ಇದು. ನರ್ಸಿಂಗ್ ಹೋಮ್‌ನಲ್ಲಿರುವ 78 ವರ್ಷದ ಮಹಿಳೆ, ಹೃದಯ ವೈಫಲ್ಯದ ಹಳೆಯ ರೋಗಿ. ಬೆಳಗಿನ ತಿಂಡಿ ಅರ್ಧ ಬಿಟ್ಟಿದ್ದಾರೆ. ಮೊಣಕಾಲು ನೋವು ಎಂದು ಎಂದಿನಂತೆ ಹೇಳುತ್ತಿದ್ದಾರೆ. ಕಿವಿಯ ಯಂತ್ರದ ಬ್ಯಾಟರಿ ಮುಗಿದಿದೆ. ರಾತ್ರಿ ಅಸಿಸ್ಟೆಂಟನ್ನು ಕರೆದು ಇನ್ನೊಂದು ದಿಂಬು ಕೇಳಿದ್ದರು. ಮೂರು ದಿನದ ತೂಕ ಕ್ರಮವಾಗಿ 142, 144, 147 ಪೌಂಡ್. ರಕ್ತದೊತ್ತಡ 148/86, ನಾಡಿ 104, ಆಮ್ಲಜನಕದ ಮಟ್ಟ ಶೇ. 91. ಕಾಲುಚೀಲ ಬಿಚ್ಚಿದರೆ ಅದರ ಅಂಚಿನ ಗುರುತು ಚರ್ಮದಲ್ಲಿ ಆಳವಾಗಿ ಉಳಿದಿದೆ.

ಆಯ್ಕೆಗಳಿಲ್ಲದೆ ಇದನ್ನು ಓದಿ ಹೇಳಿದರೆ ಹೆಚ್ಚಿನವರು ಮೊದಲು ಹಿಡಿಯುವುದು ರಕ್ತದೊತ್ತಡವನ್ನು, ಏಕೆಂದರೆ ಅದು ಸಂಖ್ಯೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಆದರೆ ಕತೆ ಹೇಳುತ್ತಿರುವುದು ತೂಕ ಮತ್ತು ದಿಂಬು. ಹೃದಯ ವೈಫಲ್ಯದ ರೋಗಿಯ ತೂಕ ದಿನಕ್ಕೆ 2ರಿಂದ 3 ಪೌಂಡ್, ಅಥವಾ ವಾರಕ್ಕೆ 5 ಪೌಂಡ್ ಏರಿದರೆ ವರದಿ ಮಾಡಬೇಕೆಂಬುದು ಪಾಠದಲ್ಲಿಯೇ ಇದೆ. ಇಲ್ಲಿ ಎರಡೇ ದಿನದಲ್ಲಿ 5 ಪೌಂಡ್ ಏರಿದೆ. ಅಂಗಾತ ಮಲಗಲಾಗದೆ ದಿಂಬು ಕೇಳಿದ್ದು, ಕಾಲಿನ ಬಾವು, ಏರಿದ ನಾಡಿ, ಇಳಿದ ಆಮ್ಲಜನಕ ಎಲ್ಲವೂ ದೇಹದಲ್ಲಿ ನೀರು ನಿಂತು ಶ್ವಾಸಕೋಶಕ್ಕೆ ತೊಂದರೆ ಕೊಡುತ್ತಿರುವುದರ ಕಡೆಗೆ ಬೊಟ್ಟು ಮಾಡುತ್ತವೆ. ಎಲ್‌ಪಿಎನ್ ಆಗಿ ನೀವು ತಲೆಯ ಭಾಗವನ್ನು ಎತ್ತರಿಸಿ ಕೂರಿಸುತ್ತೀರಿ, ಆದೇಶವಿದ್ದರೆ ಆಮ್ಲಜನಕ ಕೊಡುತ್ತೀರಿ, ತಡಮಾಡದೆ ಆರ್‌ಎನ್‌ಗೆ ಅಥವಾ ವೈದ್ಯರಿಗೆ ತಿಳಿಸುತ್ತೀರಿ. ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸಿ ದೇಹದ ನೀರು ಇಳಿಸುವ ಔಷಧ) ಕೊಟ್ಟ ಮೇಲೆ ಆರನೆಯ ಹೆಜ್ಜೆ ಬರುತ್ತದೆ: ಮೂತ್ರದ ಪ್ರಮಾಣ ಹೆಚ್ಚಿತೇ, ಉಸಿರು ಹಗುರವಾಯಿತೇ, ಮರುದಿನ ತೂಕ ಇಳಿಯಿತೇ, ಪೊಟ್ಯಾಸಿಯಂ ಕುಸಿಯಲಿಲ್ಲವಷ್ಟೇ? ಅನೇಕರು ಎಡವುವುದು ಇಲ್ಲಿಯೇ. ಔಷಧ ಕೊಟ್ಟದ್ದನ್ನೇ ಫಲ ಎಂದುಕೊಂಡುಬಿಡುತ್ತಾರೆ.

ಇದರಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ, ಕರೆದರೆ ಬರುವಷ್ಟು ಹತ್ತಿರದಲ್ಲಿ ಡಾಕ್ಟರ್ ಇರುತ್ತಾರೆ. ಇಲ್ಲಿ ಅದು ವೃದ್ಧರು ವಾಸಿಸುವ ಜಾಗ; ಎಷ್ಟೋ ಪಾಳಿಗಳಲ್ಲಿ ವೈದ್ಯರು ಫೋನಿನಲ್ಲಿ ಮಾತ್ರ ಸಿಗುತ್ತಾರೆ. ಆ ಚಿತ್ರ ಮನಸ್ಸಿನಲ್ಲಿ ಸರಿಯಾಗಿ ಕೂರದಿದ್ದರೆ ವೈದ್ಯರಿಗೆ ತಿಳಿಸುವ ಮೊದಲು ಯಾವ ಮಾಹಿತಿ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರ ತಪ್ಪುತ್ತದೆ.

ಈಗ ಒಂದೊಂದು ದಾರಿಯನ್ನೂ ನೋಡಬಹುದು.

ಎನ್‌ಸಿಎಸ್‌ಬಿಎನ್ ತಾನೇ ಉಚಿತವಾಗಿ ಕೊಡುವ ಟ್ಯುಟೋರಿಯಲ್ ಮತ್ತು ಮಾದರಿ ಪ್ರಶ್ನೆಗಳನ್ನು ಯಾರೂ ಬಿಡಬಾರದು. ಪರೀಕ್ಷೆ ನಡೆಸುವವರೇ ಮಾಡಿದ್ದಾದ್ದರಿಂದ ಪರದೆ ಹೇಗಿರುತ್ತದೆ, ಚಾರ್ಟಿನ ಟ್ಯಾಬ್‌ಗಳು ಎಲ್ಲಿ ತೆರೆಯುತ್ತವೆ, ಬೋ-ಟೈ ಪ್ರಶ್ನೆಯಲ್ಲಿ ನಡುವೆ ಒಂದು ತೊಂದರೆ, ಒಂದು ಬದಿಗೆ ಎರಡು ಕ್ರಮ, ಇನ್ನೊಂದು ಬದಿಗೆ ಗಮನಿಸಬೇಕಾದ ಎರಡು ಅಂಶ ಹೇಗೆ ಎಳೆದು ಕೂರಿಸಬೇಕು ಎಂಬುದೆಲ್ಲ ಇಲ್ಲಿ ಖಚಿತವಾಗಿ ಗೊತ್ತಾಗುತ್ತದೆ. ಪ್ರಶ್ನೆಗಳ ಸಂಖ್ಯೆ ಕಡಿಮೆ, ಹಾಗಾಗಿ ಇದೊಂದರಿಂದಲೇ ಕೈ ಪಳಗುವುದಿಲ್ಲ. ತಯಾರಿಯ ಮೊದಲ ವಾರದಲ್ಲಿಯೇ ಮಾಡಿ ಮುಗಿಸಿ, ಬೇರೆ ಸಾಮಗ್ರಿಗಳನ್ನು ತೂಗಲು ಇದನ್ನೇ ತಕ್ಕಡಿಯಾಗಿ ಇಟ್ಟುಕೊಳ್ಳಿ.

ಹಣ ಕೊಟ್ಟು ಪಡೆಯುವ ಪ್ರಶ್ನೆ ಬ್ಯಾಂಕ್‌ಗಳೇ ಹೆಚ್ಚಿನವರು ಹಿಡಿಯುವ ದಾರಿ. ಯೂವರ್ಲ್ಡ್, ಆರ್ಚರ್, ಕ್ಯಾಪ್ಲಾನ್ ಇವುಗಳ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಮೊದಲನೆಯ ಅಳತೆಗೆ ಇವು ಚೆನ್ನಾಗಿ ಹೊಂದುತ್ತವೆ: ಬೆಳೆಯುವ ಚಾರ್ಟ್‌ಗಳಿವೆ, ಎಲ್ಲ ಬಗೆಯ ಪ್ರಶ್ನೆಗಳಿವೆ, ಎಲ್ಲಿ ಸೋಲುತ್ತಿದ್ದೀರಿ ಎಂಬ ಲೆಕ್ಕ ಸಿಗುತ್ತದೆ. ಯಾವ ಹೆಸರು ಒಳ್ಳೆಯದು ಎಂದು ನನ್ನನ್ನು ಕೇಳುವ ಬದಲು ಉಚಿತ ಮಾದರಿ ಸಿಗುವಲ್ಲೆಲ್ಲ ಒಂದೊಂದು ಕೇಸ್ ತೆರೆದು, ನೀವು ತಪ್ಪು ಮಾಡಿದ ಒಂದು ಪ್ರಶ್ನೆಯ ವಿವರಣೆಯನ್ನು ಪೂರ್ತಿ ಓದಿ. ಓದಿ ಮುಗಿಸಿದ ಮೇಲೆ ನಿಮ್ಮ ತಪ್ಪು ಯಾವ ಹೆಜ್ಜೆಯಲ್ಲಿ ಆಯಿತೆಂದು ಪಕ್ಕದವರಿಗೆ ಹೇಳಲು ಬಂದರೆ ಆ ವಿವರಣೆ ನಿಮಗೆ ತಕ್ಕದ್ದು. ಕೊಳ್ಳುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು, ಅದು ಪಿಎನ್ ಆವೃತ್ತಿಯೇ ಎಂಬುದು: ಆರ್‌ಎನ್ ಪ್ರಶ್ನೆಗಳಲ್ಲಿ ಪಳಗಿದವರು ಹೊಸ ರೋಗಿಯ ಮೊದಲ ಸಮಗ್ರ ತಪಾಸಣೆ, ಮೊದಲ ಬಾರಿಯ ರೋಗಿ ಶಿಕ್ಷಣ ಇವನ್ನೆಲ್ಲ ತಾವೇ ಮಾಡುವ ಉತ್ತರ ಆರಿಸುತ್ತಾರೆ, ಆದರೆ ಪಿಎನ್ ಪರೀಕ್ಷೆಯಲ್ಲಿ ನಿಮ್ಮ ಪಾತ್ರ ಮಾಹಿತಿ ಕಲೆಹಾಕುವುದು, ಆರ್‌ಎನ್ ಕಲಿಸಿದ್ದನ್ನು ಮತ್ತೆ ಗಟ್ಟಿ ಮಾಡಿಸುವುದು, ಬದಲಾವಣೆ ಕಂಡಾಗ ವರದಿ ಮಾಡುವುದು. ಎರಡು, ಚಂದಾ ಯಾವಾಗ ಶುರುವಾಗುತ್ತದೆ ಎಂಬುದು: ದಿನಗಳ ಲೆಕ್ಕದ ಚಂದಾವನ್ನು ಪಾಠವೇ ಮುಗಿಯದಿರುವಾಗ ಕೊಂಡು ಅರ್ಧ ಅವಧಿಯನ್ನು ಸುಮ್ಮನೆ ಕಳೆದವರನ್ನು ಕಂಡಿದ್ದೇನೆ. ಮತ್ತೆ, ಆ್ಯಪ್ ಇದೆಯೆಂದು ಪೂರ್ತಿ ಮೊಬೈಲಿನಲ್ಲಿಯೇ ಅಭ್ಯಾಸ ಮಾಡಬೇಡಿ. ಪರೀಕ್ಷೆಯಲ್ಲಿ ಚಾರ್ಟ್ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ ಇರುವ ದೊಡ್ಡ ಪರದೆಯಲ್ಲಿ ಕಣ್ಣು ಓಡಾಡಬೇಕು.

ಪ್ರಶ್ನೆ ಬ್ಯಾಂಕಿನ ನಿಜವಾದ ಕೊರತೆ ನಾಲ್ಕನೆಯ ಅಳತೆಯಲ್ಲಿದೆ: ಅದು ಯಾವಾಗಲೂ ಆಯ್ಕೆಗಳನ್ನು ಮುಂದಿಟ್ಟೇ ಕೇಳುತ್ತದೆ. ಕಾಗದ ಅಡ್ಡ ಹಿಡಿಯುವ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಹಾಗೆ ಮಾಡಿದರೆ ದಿನಕ್ಕೆ ಎರಡು ಕೇಸ್ ಸಾಕು.

ಪುಸ್ತಕ ಅಗ್ಗ, ಕಾಲೇಜಿನ ಗ್ರಂಥಾಲಯದಲ್ಲಿ ಬಿಟ್ಟಿಯಾಗಿಯೂ ಸಿಗುತ್ತದೆ. ಪಾಠ ಮರೆತವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ. 2023ಕ್ಕಿಂತ ಹಿಂದಿನ ಆವೃತ್ತಿಯಾದರೆ ಹೊಸ ಬಗೆಯ ಪ್ರಶ್ನೆಗಳು ಇರುವ ಸಂಭವ ಕಡಿಮೆ, ಆದರೆ ಪೊಟ್ಯಾಸಿಯಂನ ಸಹಜ ಮಟ್ಟವಾಗಲಿ ಇನ್ಸುಲಿನ್ ಕೆಲಸ ಮಾಡುವ ಬಗೆಯಾಗಲಿ ಬದಲಾಗಿಲ್ಲವಾದ್ದರಿಂದ ಪಾಠಕ್ಕೆ ಅದೂ ಆಗುತ್ತದೆ. ಬೆಳೆಯುವ ಚಾರ್ಟಿನ ಅನುಭವವನ್ನು ಮಾತ್ರ ಕಾಗದದಿಂದ ನಿರೀಕ್ಷಿಸಬೇಡಿ.

ಕ್ಲಾಸುಗಳಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಕಾಲೇಜಿನ ಶುಲ್ಕದ ರಸೀದಿಯನ್ನು ಒಮ್ಮೆ ತೆರೆದು ನೋಡಿ. ಎಟಿಐ, ಹೆಸಿ ಮುಂತಾದವುಗಳ ತಯಾರಿ ಸಾಮಗ್ರಿಯನ್ನು ಅನೇಕ ಕಾಲೇಜುಗಳು ಶುಲ್ಕದಲ್ಲಿಯೇ ಸೇರಿಸಿರುತ್ತವೆ. ಈಗಾಗಲೇ ಕೊಟ್ಟ ಹಣಕ್ಕೆ ಮತ್ತೊಮ್ಮೆ ಕೊಡುವುದು ಬೇಡ. ರೆಕಾರ್ಡ್ ಮಾಡಿದ ಪಾಠ ಪುಸ್ತಕದ ಜಾಗವನ್ನು ತುಂಬುತ್ತದೆಯೇ ಹೊರತು ವಿವೇಚನೆಯ ಅಭ್ಯಾಸದ ಜಾಗವನ್ನಲ್ಲ. ನೇರ ತರಗತಿಗೆ ಹಣ ಸಾರ್ಥಕವಾಗುವುದು ಶಿಕ್ಷಕರು ಒಬ್ಬೊಬ್ಬರ ಬಾಯಿಂದಲೂ ಕಾರಣ ಹೇಳಿಸುವಷ್ಟು ಸಣ್ಣ ಗುಂಪಾಗಿದ್ದರೆ ಮಾತ್ರ. ಪಾಸಾಗದಿದ್ದರೆ ಹಣ ವಾಪಸ್ ಎನ್ನುವ ಭರವಸೆಗಳಿಗೆ ಇಷ್ಟು ಪ್ರಶ್ನೆ ಮುಗಿಸಿರಬೇಕು, ಇಷ್ಟು ದಿನದೊಳಗೆ ಪರೀಕ್ಷೆ ಬರೆದಿರಬೇಕು ಎಂಬಂಥ ಷರತ್ತುಗಳಿರುತ್ತವೆ. ಅವುಗಳನ್ನು ಓದಿಯೇ ಸಹಿ ಹಾಕಿ.

ಇನ್ನು ಗುಂಪಿನ ಅಭ್ಯಾಸ. ಖರ್ಚಿಲ್ಲದ್ದು, ನಾಲ್ಕನೆಯ ಅಳತೆಗೆ ಇದರಷ್ಟು ಹೊಂದುವುದು ಬೇರೊಂದಿಲ್ಲ. ನಾವು ಮೂವರು ನಾಲ್ವರು ಭಾನುವಾರ ಜ಼ೂಮ್‌ನಲ್ಲಿ ಕೂರುತ್ತೇವೆ; ಒಬ್ಬರು ಮೇಲಿನಂಥ ಚಾರ್ಟನ್ನು ಓದುತ್ತಾರೆ, ಇನ್ನೊಬ್ಬರು ಆರು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಾರೆ, ಉಳಿದವರು ಪ್ರತಿ ಹೆಜ್ಜೆಗೂ "ಏಕೆ?" ಎಂದು ಕೇಳುತ್ತಾರೆ. ಕನ್ನಡದಲ್ಲಿಯೇ ಯೋಚಿಸಿ, ಕನ್ನಡದಲ್ಲಿಯೇ ಹೇಳಿ. ಅದರಿಂದ ಕಾರಣ ಸ್ಪಷ್ಟವಾಗುತ್ತದೆ. ಆದರೆ ಸುಳಿವಿನ ಪದಗಳನ್ನು ಪರೀಕ್ಷೆಯ ಇಂಗ್ಲಿಷಿನಲ್ಲಿಯೇ ಕಲಿಯಬೇಕು. ರೋಗಿ 'ರೆಸ್ಟ್‌ಲೆಸ್' ಎಂದಿದ್ದನ್ನು ನಮ್ಮ ಗುಂಪಿನ ಹುಡುಗಿಯೊಬ್ಬಳು ತಳಮಳ ಎಂದು ಅರ್ಥ ಮಾಡಿಕೊಂಡು, ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುವ ಉತ್ತರ ಆರಿಸಿದಳು. ಶಸ್ತ್ರಚಿಕಿತ್ಸೆಯ ಮರುದಿನ ರೋಗಿ ಇದ್ದಕ್ಕಿದ್ದಂತೆ ಹೀಗೆ ಚಡಪಡಿಸುವುದು ಆಮ್ಲಜನಕ ಕಡಿಮೆಯಾಗುತ್ತಿರುವುದರ ಆರಂಭದ ಸುಳಿವಾಗಿರಬಹುದು. ಮೊದಲು ಉಸಿರನ್ನು, ಆಮ್ಲಜನಕದ ಮಟ್ಟವನ್ನು ನೋಡಬೇಕು. ಆ ಒಂದು ಪದಕ್ಕಾಗಿ ನಾವು ಅಂದು ಅರ್ಧ ಗಂಟೆ ಕೊಟ್ಟೆವು, ಅದು ವ್ಯರ್ಥವಾಗಲಿಲ್ಲ.

ಗುಂಪಿನ ಅಪಾಯ ಎಲ್ಲರೂ ಸೇರಿ ಒಂದೇ ತಪ್ಪನ್ನು ನಂಬುವುದು. ಲೈಸೆನ್ಸ್ ಪಡೆದವರೊಬ್ಬರು ಇರುವಂತೆ ನೋಡಿಕೊಳ್ಳಿ, ಒಪ್ಪಿಗೆಯಾಗದ ಉತ್ತರವನ್ನು ಪಠ್ಯದಲ್ಲಿ ಹುಡುಕಿಯೇ ಮುಂದೆ ಹೋಗಿ. ಪರೀಕ್ಷೆ ಬರೆದು ಬಂದವರು ನೆನಪಿನಿಂದ ಬರೆದ ಪ್ರಶ್ನೆಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿದರೆ ಅವನ್ನು ಮುಟ್ಟಬೇಡಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಪ್ರತಿಯೊಬ್ಬ ಅಭ್ಯರ್ಥಿಯೂ ಒಪ್ಪಿಕೊಂಡೇ ಕೂರುತ್ತಾರೆ. ಅದನ್ನು ಮುರಿದರೆ ಫಲಿತಾಂಶಕ್ಕೂ ಲೈಸೆನ್ಸಿಗೂ ಕುತ್ತು.

ಅಸಿಸ್ಟೆಂಟ್ ಆಗಿ ಕೆಲಸದಲ್ಲಿರುವವರ ಕೈಯಲ್ಲಿ ಇದಕ್ಕಿಂತ ದೊಡ್ಡ ಸಂಪತ್ತಿದೆ, ಅವರಿಗೇ ಅದರ ಅರಿವಿರುವುದಿಲ್ಲ. ಪಾಳಿ ಮುಗಿದ ಮೇಲೆ, ಹೆಸರು, ಕೋಣೆ, ಗುರುತು ಯಾವುದೂ ಇಲ್ಲದಂತೆ, ಅಂದು ಬದಲಾವಣೆ ಕಂಡ ಒಬ್ಬ ರೋಗಿಯ ಬಗ್ಗೆ ಆರು ಸಾಲು ಬರೆಯಿರಿ: ಏನು ಕಂಡೆ, ಏನೆಂದುಕೊಂಡೆ, ನರ್ಸ್ ಏನು ಮಾಡಿದರು, ಆಮೇಲೆ ಏನಾಯಿತು. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರುತ್ತಿದ್ದ, ಎಚ್ಚರವಿದ್ದ ರೋಗಿಗೆ ಹಣ್ಣಿನ ರಸ ಕೊಟ್ಟು 15 ನಿಮಿಷದ ಮೇಲೆ ಮತ್ತೆ ಸಕ್ಕರೆ ನೋಡಿದ್ದನ್ನು ಕಣ್ಣಾರೆ ಕಂಡವರು ಆರನೆಯ ಹೆಜ್ಜೆಯನ್ನು ಮರೆಯುವುದಿಲ್ಲ. ಇದರ ಕೊರತೆಯೆಂದರೆ, ನೀವು ಕೆಲಸ ಮಾಡುವ ಜಾಗದಲ್ಲಿ ಬಾಣಂತಿಯರೂ ಮಕ್ಕಳೂ ಸಿಗದೆ ಹೋಗಬಹುದು. ಜೊತೆಗೆ ಅಲ್ಲಿನ ರೂಢಿಯೆಲ್ಲವೂ ಪುಸ್ತಕದ ಪ್ರಕಾರ ಇರುವುದಿಲ್ಲ. ಪರೀಕ್ಷೆ ಕೇಳುವುದು ಪುಸ್ತಕದ ಪ್ರಕಾರವನ್ನೇ.

ಚಾಟ್‌ಬಾಟ್‌ಗಳಿಂದ ಕೇಸ್ ಬರೆಸಿಕೊಳ್ಳುವವರೂ ಈಗ ಇದ್ದಾರೆ. ನಿಮ್ಮನ್ನು ಪ್ರಶ್ನಿಸುವ ಜೊತೆಗಾರನಾಗಿ ಬಳಸಬಹುದು, ಆದರೆ ಔಷಧದ ಪ್ರಮಾಣ ಮತ್ತು ಎಲ್‌ಪಿಎನ್‌ನ ಎಲ್ಲೆ ಈ ಎರಡರಲ್ಲಿ ಅದರ ಮಾತನ್ನು ಪಠ್ಯದೊಂದಿಗೆ ತಾಳೆ ನೋಡದೆ ನಂಬಬೇಡಿ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು? ಕೋರ್ಸ್ ಈಗಷ್ಟೇ ಮುಗಿಸಿ, ಪಾಠ ಇನ್ನೂ ಬಿಸಿಯಾಗಿರುವವರಿಗೆ ಒಂದು ಪ್ರಶ್ನೆ ಬ್ಯಾಂಕ್, ವಾರಕ್ಕೊಮ್ಮೆ ಗುಂಪು ಸಾಕು. ಕ್ಲಾಸಿನ ಹಣ ಉಳಿಸಿ. ಹಣ ತೀರ ಬಿಗಿಯಾಗಿದ್ದರೆ ಉಚಿತ ಮಾದರಿ, ಗ್ರಂಥಾಲಯದ ಪುಸ್ತಕ, ಗುಂಪು ಇವುಗಳಿಂದ ಶುರುಮಾಡಿ, ಪರೀಕ್ಷೆಗೆ ಒಂದು ತಿಂಗಳಿರುವಾಗ ಅತಿ ಚಿಕ್ಕ ಅವಧಿಯ ಚಂದಾ ತೆಗೆದುಕೊಳ್ಳಿ. ಅದನ್ನೂ ಬಿಡುವ ಯೋಚನೆ ಬಂದರೆ, ಪರೀಕ್ಷೆಯ ನೋಂದಣಿ ಶುಲ್ಕವೇ 200 ಡಾಲರ್, ಎರಡನೆಯ ಸಲ ಕೂರಬೇಕಾದರೆ ಅದನ್ನು ಮತ್ತೆ ಕಟ್ಟಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಕ್ಕಳನ್ನು ನೋಡಿಕೊಳ್ಳುವವರು ಮೂರು ಗಂಟೆಯ ತರಗತಿಗೆ ಸೇರಿ ನಿದ್ದೆಗೆಡುವುದು ಬೇಡ. ಪಾಳಿಯ ಆರು ಸಾಲು, ದಿನಕ್ಕೆ ಒಂದೇ ಕೇಸ್, ಅದನ್ನು ಪೂರ್ತಿಯಾಗಿ ಮಾಡಿ. ಕೋರ್ಸ್ ಮುಗಿಸಿ ವರ್ಷಗಳಾದವರು ಪ್ರಶ್ನೆ ಬ್ಯಾಂಕಿನಿಂದ ಶುರುಮಾಡಿದರೆ ಧೈರ್ಯ ಕಳೆದುಕೊಳ್ಳುತ್ತಾರೆ. ಸುಳಿವು ಹಿಡಿಯಲು ಮೊದಲು ಸಹಜ ಯಾವುದು ಎಂಬುದು ಗೊತ್ತಿರಬೇಕಾದ್ದರಿಂದ ಅವರಿಗೆ ಪುಸ್ತಕ ಅಥವಾ ರೆಕಾರ್ಡ್ ಮಾಡಿದ ಪಾಠವೇ ಮೊದಲು.

ಒಮ್ಮೆ ಬರೆದು ಪಾಸಾಗದವರ ವಿಷಯ ಬೇರೆ. ಮತ್ತೆ ಕೂರಲು ಕನಿಷ್ಠ 45 ದಿನ ಕಾಯಬೇಕು. ಅವರ ಕೈಗೆ ಬರುವ ವರದಿಯಲ್ಲಿ ಪ್ರತಿಯೊಂದು ವಿಷಯದಲ್ಲಿಯೂ ತೇರ್ಗಡೆಯ ಮಟ್ಟಕ್ಕಿಂತ ಮೇಲಿದ್ದೀರೋ, ಹತ್ತಿರವಿದ್ದೀರೋ, ಕೆಳಗಿದ್ದೀರೋ ಎಂದು ಬರೆದಿರುತ್ತದೆ. ಕೆಳಗೆ ಎಂದಿರುವ ವಿಷಯಗಳಿಗೆ ಮೊದಲ 15 ದಿನ ಪುಸ್ತಕ ಹಿಡಿಯಿರಿ. ಎಲ್ಲವೂ ಹತ್ತಿರ ಎಂದೇ ಇದ್ದರೆ, ನನ್ನ ಅನುಭವದಲ್ಲಿ ಕೊರತೆ ಪಾಠದ್ದಲ್ಲ, ತೂಗುವುದರದ್ದು. ಅಂಥವರು ಹಳೆಯ ಪ್ರಶ್ನೆ ಬ್ಯಾಂಕನ್ನೇ ಮೂರನೆಯ ಸಲ ತಿರುವಿಹಾಕದೆ, ತಾವು ಹಿಂದೆ ಕಾಣದ ಕೇಸ್‌ಗಳಿರುವ ಬೇರೊಂದನ್ನು ಆರಿಸಿ, ಅಂಕದ ಬದಲು ಹೆಜ್ಜೆಯ ಲೆಕ್ಕ ಇಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಆರು ಹೆಜ್ಜೆಗೆ ಆರು ಕಂಬ (ಕಾಲಂ) ಎಳೆದು, ತಪ್ಪಾದ ಪ್ರತಿಯೊಂದು ಪ್ರಶ್ನೆಗೂ ಎಲ್ಲಿ ಎಡವಿದೆ ಎಂಬ ಕಂಬದಲ್ಲಿ ಒಂದು ಗೀಟು ಹಾಕಿ. ಹತ್ತು ದಿನದಲ್ಲಿ ಒಂದು ಕಂಬ ಉಳಿದವುಗಳಿಗಿಂತ ದಟ್ಟವಾಗಿ ತುಂಬಿರುತ್ತದೆ. ಮೊದಲ ಕಂಬವಾದರೆ ಚಾರ್ಟ್ ಓದುವ ಅಭ್ಯಾಸ ಬೇಕು, ಮೂರನೆಯದಾದರೆ ಗುಂಪಿನಲ್ಲಿ ಕುಳಿತು ಯಾವುದು ಮೊದಲು, ಏಕೆ ಎಂದು ಹೇಳುವ ಅಭ್ಯಾಸ ಬೇಕು, ಐದನೆಯದಾದರೆ ಎಲ್‌ಪಿಎನ್‌ನ ಎಲ್ಲೆಯನ್ನು ಮತ್ತೆ ಓದಬೇಕು. ಉಳಿದ ದಿನಗಳನ್ನೂ ದುಡ್ಡನ್ನೂ ಆ ಕಂಬಕ್ಕೆ ಕೊಡಿ.